ಕೇಳಿದ್ದು ಅರ್ಧ, ತಿಳಿದದ್ದು ಮುಕ್ಕಾಲು

ಡೆನ್ಮಾರ್ಕಿನ ಕೋಪನ್‌ಹೇಗನ್ ಮತ್ತು ಸ್ವೀಡನ್ನಿನ ಮಾಲ್ಮೋ ನಗರಗಳ ನಡುವಿನ ಓರೆಸುಂಡ್ ಸೇತುವೆ 2000ದ ಜುಲೈನಲ್ಲಿ ಸಂಚಾರಕ್ಕೆ ತೆರೆಯಿತು. 2011ರಲ್ಲಿ ಎರಡೂ ದೇಶಗಳ ಟೀವಿ ಸಂಸ್ಥೆಗಳು ಕೂಡಿ 'ಸೇತುವೆ' ಎಂಬ ಪತ್ತೇದಾರಿ ಧಾರಾವಾಹಿ ಮಾಡಿದವು. ಅದರ ಮೊದಲ ಕಂತಿನಲ್ಲಿ ಸೇತುವೆಯ ದೀಪಗಳೆಲ್ಲ ಆರಿ ಮತ್ತೆ ಹತ್ತಿಕೊಂಡಾಗ ಸರಿಯಾಗಿ ಗಡಿಗೆರೆಯ ಮೇಲೆ ಒಂದು ಹೆಣ ಬಿದ್ದಿರುತ್ತದೆ. ಸೊಂಟದಿಂದ ಮೇಲಿನ ಭಾಗ ಸ್ವೀಡನ್ನಿನ ಹೆಂಗಸಿನದು, ಕೆಳಗಿನದು ಡೆನ್ಮಾರ್ಕಿನ ಇನ್ನೊಬ್ಬಳದು. ಹಾಗಾಗಿ ತನಿಖೆಗೆ ಎರಡೂ ಕಡೆಯ ಪೊಲೀಸರು ಬರಬೇಕಾಗುತ್ತದೆ. ಮಾಲ್ಮೋದ ಸಾಗಾ ನೊರೆನ್ ಸ್ವೀಡಿಷ್ ಮಾತಾಡುತ್ತಾಳೆ, ಕೋಪನ್‌ಹೇಗನ್ನಿನ ಮಾರ್ಟಿನ್ ರೋಡೆ ಡೇನಿಷ್ ಮಾತಾಡುತ್ತಾನೆ. ಇಬ್ಬರೂ ತಮ್ಮ ಭಾಷೆ ಬಿಡುವುದಿಲ್ಲ, ಆದರೂ ತನಿಖೆ ಎಲ್ಲೂ ನಿಲ್ಲುವುದಿಲ್ಲ.

ತೆರೆಯ ಮೇಲೆ ಸರಾಗವಾಗಿ ಸಾಗುವ ಈ ಸಂಭಾಷಣೆಯನ್ನು ಮನೆಯಲ್ಲಿ ಕೂತು ನೋಡುವವರಿಗೆ ಮಾತ್ರ ಸಬ್‌ಟೈಟಲ್ ಬೇಕಾಯಿತು. ಡೆನ್ಮಾರ್ಕಿನ ಟೀವಿಯಲ್ಲಿ ಸಾಗಾಳ ಮಾತಿಗೆ, ಸ್ವೀಡನ್ನಿನ ಟೀವಿಯಲ್ಲಿ ಮಾರ್ಟಿನ್‌ನ ಮಾತಿಗೆ. ಅಂದಮೇಲೆ ಈ ಎರಡು ಭಾಷೆಗಳು ಪರಸ್ಪರ ತಿಳಿಯುತ್ತವೆಯೋ ಇಲ್ಲವೋ?

ಪ್ರಶ್ನೆ ಸುಲಭದ್ದೆಂದು ತೋರುತ್ತದೆ. ಎರಡು ಭಾಷೆಗಳ ಪದಗಳನ್ನು ಪಕ್ಕಪಕ್ಕದಲ್ಲಿ ಬರೆದು ಎಷ್ಟು ಕೂಡುತ್ತವೆಂದು ಎಣಿಸಿದರೆ ಉತ್ತರ ಸಿಕ್ಕಿತು ಎನಿಸುತ್ತದೆ. ಸ್ಕ್ಯಾಂಡಿನೇವಿಯಾದಲ್ಲಿ ಅರ್ಧ ಶತಮಾನದಿಂದ ನಡೆದಿರುವ ಪರೀಕ್ಷೆಗಳು ಬೇರೆಯದನ್ನೇ ಹೇಳುತ್ತವೆ. ಪದಗಳು ಎಷ್ಟು ಕೂಡುತ್ತವೆ ಎನ್ನುವುದಕ್ಕಿಂತ ಕೇಳುವವರು ಯಾರು, ಅವರು ಏನು ಓದಿ, ಏನು ನೋಡಿ ಬೆಳೆದವರು ಎನ್ನುವುದೇ ಹೆಚ್ಚು ನಿರ್ಣಾಯಕ. ಅದಕ್ಕೇ ಈ ತಿಳಿವಳಿಕೆ ಎಷ್ಟೋ ಸಲ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ.

ಇದನ್ನು ಮೊದಲು ಗಂಭೀರವಾಗಿ ವಿಚಾರಿಸಿದವರಲ್ಲಿ ಐನರ್ ಹೌಗೆನ್ ಒಬ್ಬರು. ನಾರ್ವೆಯಿಂದ ವಲಸೆ ಹೋದ ದಂಪತಿಗೆ ಅಮೆರಿಕದ ಅಯೋವಾದಲ್ಲಿ ಹುಟ್ಟಿದ ಭಾಷಾವಿಜ್ಞಾನಿ. ಡೇನರು, ಸ್ವೀಡರು, ನಾರ್ವೆಯವರು ಭೇಟಿಯಾದಾಗ ತಂತಮ್ಮ ಭಾಷೆಯಲ್ಲೇ ಮಾತಾಡಿಕೊಂಡು ಅರ್ಧಂಬರ್ಧ ಅರ್ಥಮಾಡಿಕೊಳ್ಳುವ ಪದ್ಧತಿಗೆ 1966ರಲ್ಲಿ ಅವರು 'ಅರೆ-ಸಂವಹನ' ಎಂದು ಹೆಸರಿಟ್ಟರು. ಹತ್ತು ವರ್ಷಗಳ ಬಳಿಕ, 1976ರಲ್ಲಿ, ಓವಿಂದ್ ಮೌರುದ್ ಎಂಬ ಸಂಶೋಧಕರು ಮೂರೂ ದೇಶಗಳ ಸೇನೆಗೆ ಸೇರಿದ ಯುವಕರನ್ನು ಕೂರಿಸಿ ನೆರೆಭಾಷೆಯ ಪಾಠ ಓದಿಸಿ, ಕೇಳಿಸಿ, ಅಂಕ ಕೊಟ್ಟರು. ಎಲ್ಲರಿಗಿಂತ ಮುಂದೆ ಬಂದವರು ನಾರ್ವೆಯವರು. ಸ್ವೀಡರು ಹಿಂದೆ ಬಿದ್ದರು. ಡೇನರಿಗೆ ಸ್ವೀಡಿಷ್ ತಿಳಿದಷ್ಟು ಅವರಿಗೆ ಡೇನಿಷ್ ತಿಳಿಯಲಿಲ್ಲ.

ಈ ಫಲಿತಾಂಶಕ್ಕೆ ತಕರಾರು ಬಂತು, ಅದು ನ್ಯಾಯದ ತಕರಾರೂ ಹೌದು. ಪರೀಕ್ಷೆಗೆ ಕೂತವರು ರಾಜಧಾನಿಗಳ ಸುತ್ತಮುತ್ತಲಿನವರು. ಕೋಪನ್‌ಹೇಗನ್ನಿನಿಂದ ಸ್ವೀಡನ್ ಕಣ್ಣಳತೆಯ ದೂರ. ಸ್ಟಾಕ್‌ಹೋಮ್‌ನವರಿಗೆ ಡೆನ್ಮಾರ್ಕ್ ಐದಾರು ನೂರು ಕಿಲೋಮೀಟರ್ ಆಚೆ. ಹಾಗಾದರೆ ಅಳೆದದ್ದು ಭಾಷೆಯನ್ನೋ ದೂರವನ್ನೋ? ಲಾರ್ಸ್-ಒಲೊಫ್ ಡೆಲ್ಸಿಂಗ್ ಮತ್ತು ಕಟಾರಿನಾ ಲುಂಡಿನ್ ಒಕೆಸ್ಸನ್ 2005ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ ಮಾಲ್ಮೋವನ್ನೂ ಸೇರಿಸಿಕೊಂಡರು. ಡೇನಿಷ್ ತಿಳಿಯುವುದರಲ್ಲಿ ಮಾಲ್ಮೋದ ಹುಡುಗರು ಸ್ಟಾಕ್‌ಹೋಮ್‌ನವರಿಗಿಂತ ಎಷ್ಟೋ ಮೇಲಿದ್ದರು. ತಕರಾರಿನಲ್ಲಿ ಹುರುಳಿತ್ತು. ಆದರೆ ಅದೇ ಅಧ್ಯಯನದಲ್ಲಿ ನಾರ್ವೆಯವರು ಮತ್ತೆ ಮುಂದೆಯೇ ಇದ್ದರು. ಮೂವತ್ತು ವರ್ಷಗಳಲ್ಲಿ ನೆರೆಭಾಷೆಯ ತಿಳಿವಳಿಕೆ ಒಟ್ಟಾರೆ ಕುಸಿದಿದೆ ಎನ್ನುವುದೂ ಅದರಲ್ಲಿ ಕಂಡುಬಂತು.

ದೂರ ಒಂದನ್ನೇ ದೂರಿ ಪ್ರಯೋಜನವಿಲ್ಲ ಅನ್ನುವುದಕ್ಕೆ 'ನಾಯಿ' ಸಾಕು. ಬರಹದಲ್ಲಿ ಡೇನಿಷ್‌ಗೂ ಸ್ವೀಡಿಷ್‌ಗೂ ನಾಯಿ ಒಂದೇ, 'ಹುಂಡ್'. ಸ್ವೀಡರು ಅದನ್ನು ಬರೆದ ಹಾಗೇ, ಕೊನೆಯ ಡಕಾರವನ್ನು ಒತ್ತಿ, ಹುಂಡ್ ಅನ್ನುತ್ತಾರೆ. ಡೇನರು ಡಕಾರವನ್ನು ನುಂಗಿ, ಗಂಟಲನ್ನು ಒಂದು ಕ್ಷಣ ಬಿಗಿಹಿಡಿದು 'ಹುನ್' ಎಂದು ನಿಲ್ಲಿಸುತ್ತಾರೆ. ಈಗ ಮಾಲ್ಮೋದವನ ಮಾತು ಡೇನನ ಕಿವಿಗೆ ಬಿತ್ತೆನ್ನಿ. ತಾನು ಉಚ್ಚರಿಸದ ಡಕಾರ ಅಲ್ಲಿದ್ದರೂ ಅವನಿಗೆ ಗೊಂದಲವಿಲ್ಲ, ಶಾಲೆಯಲ್ಲಿ ಆ ಅಕ್ಷರವನ್ನು ಸಾವಿರ ಸಲ ಬರೆದಿದ್ದಾನೆ. ಡೇನನ 'ಹುನ್' ಸ್ವೀಡನ ಕಿವಿಗೆ ಬಿದ್ದರೆ ಹಿಡಿದುಕೊಳ್ಳಲು ಅಂಥ ಆಸರೆ ಇಲ್ಲ. ಬಿಗಿಹಿಡಿದ ಗಂಟಲು ಅವನಿಗೆ ಕೇಳಿಸುವುದೂ ಇಲ್ಲ. ಡೇನಿಷ್‌ನಲ್ಲಿ 'ಅವಳು' ಅನ್ನುವುದಕ್ಕೂ ಹೆಚ್ಚುಕಡಿಮೆ ಅದೇ ಸದ್ದು. ಡೇನಿಷ್ ಕಾಗುಣಿತ ಹಳೆಯ ಉಚ್ಚಾರಣೆಯನ್ನು ಕಾಪಾಡಿಕೊಂಡು ಬಂದಿದೆ, ಸ್ವೀಡಿಷ್ ನಾಲಿಗೆ ಇಂದಿಗೂ ಅದರ ಹತ್ತಿರದಲ್ಲಿದೆ. ಹಾಗಾಗಿ ಅಕ್ಷರ ಕಲಿತ ಡೇನನಿಗೆ ಸ್ವೀಡಿಷ್ ಕೇಳುವುದು ತನ್ನದೇ ಪಠ್ಯಪುಸ್ತಕವನ್ನು ಯಾರೋ ಗಟ್ಟಿಯಾಗಿ ಓದಿದ ಹಾಗೆ.

ನೆದರ್ಲೆಂಡ್ಸಿನ ಖ್ರೋನಿಂಗೆನ್ ವಿಶ್ವವಿದ್ಯಾಲಯದಲ್ಲಿ ಷಾರ್ಲಟ್ ಗೂಸ್ಕೆನ್ಸ್ ಮತ್ತು ಅಂಜಾ ಷುಪ್ಪರ್ಟ್ ಈ ಜಾಡು ಹಿಡಿದು ಮಕ್ಕಳ ಬಳಿಗೇ ಹೋದರು. ಇನ್ನೂ ಓದು ಕಲಿಯದ ಪುಟ್ಟ ಮಕ್ಕಳಲ್ಲಿ ಡೇನರು ಮೇಲು ಸ್ವೀಡರು ಕೀಳು ಎಂಬ ಅಂತರ ಕಾಣಲಿಲ್ಲ. ಅಸಮಾನತೆ ಹುಟ್ಟುವುದು ಆಮೇಲೆ, ಸ್ಲೇಟು ಹಿಡಿದ ಮೇಲೆ.

ಡೇನಿಷ್ ಉಚ್ಚಾರಣೆಯ ಬಗ್ಗೆ ನೆರೆಯವರ ಗೇಲಿಗೆ ಕೊನೆಯಿಲ್ಲ. ನಾರ್ವೆಯ ಒಂದು ಹಾಸ್ಯ ಕಾರ್ಯಕ್ರಮ ಡೇನರಿಗೇ ಡೇನಿಷ್ ತಿಳಿಯದ ಸ್ಥಿತಿ ಬಂದಿದೆ ಎಂದು ಕಲ್ಪಿಸಿಕೊಂಡು ಪ್ರಹಸನ ಮಾಡಿತು. ಅದರಲ್ಲಿ ಅಂಗಡಿಯವನೂ ಗಿರಾಕಿಯೂ 'ಕಮೆಲೋಸೊ' ಎಂಬ ಅರ್ಥವಿಲ್ಲದ ಪದ ಹಿಡಿದು ಒದ್ದಾಡುತ್ತಾರೆ. ಲಕ್ಷಾಂತರ ಜನ ಅದನ್ನು ನೋಡಿ ನಕ್ಕಿದ್ದಾರೆ, ಡೇನರೂ ಸೇರಿ. ನಗೆಯ ಹಿಂದೆ ಸಣ್ಣ ಸತ್ಯವೂ ಇದೆ. ಡೇನಿಷ್ ಮಕ್ಕಳು ತಮ್ಮ ಮಾತೃಭಾಷೆಯ ಪದಗಳನ್ನು ಗುರುತಿಸಲು ನೆರೆದೇಶದ ಮಕ್ಕಳಿಗಿಂತ ತುಸು ಹೆಚ್ಚು ಸಮಯ ತೆಗೆದುಕೊಳ್ಳುತ್ತಾರೆ ಎಂದು ಡಾರ್ತೆ ಬ್ಲೆಸೆಸ್ ಮತ್ತು ಸಂಗಡಿಗರ ಅಧ್ಯಯನಗಳು ತೋರಿಸಿವೆ. ವ್ಯಂಜನಗಳು ಸವೆದು ಸ್ವರಗಳಲ್ಲಿ ಕರಗಿದರೆ ಒಂದು ಪದ ಮುಗಿದು ಇನ್ನೊಂದು ಶುರುವಾಗುವುದು ಎಲ್ಲಿ ಎಂದು ಹೆತ್ತವರ ಮಡಿಲಲ್ಲಿ ಕೂತ ಮಗುವಿಗೂ ತಿಳಿಯುವುದು ತಡ.

ಇನ್ನು ಅಂಕಿಗಳು. ಕೋಪನ್‌ಹೇಗನ್ನಿನ ಅಂಗಡಿಯಲ್ಲಿ 75 ಕ್ರೋನರ್ ಬಿಲ್ ಆಯಿತೆನ್ನೋಣ. ಸ್ವೀಡಿಷ್‌ನಲ್ಲಿ ಅದು ಕನ್ನಡದ ಹಾಗೇ 'ಎಪ್ಪತ್ತು-ಐದು'. ಡೇನಿಷ್ ಗುಮಾಸ್ತೆ ಹೇಳುವುದು 'ಫೆಮ್-ಓ-ಹಾಲ್‌ಫ್ಯೆರ್ಸ್': ಮೊದಲು ಐದು, ಆಮೇಲೆ 'ನಾಲ್ಕನೆಯದು ಅರ್ಧ'. ನಾಲ್ಕನೆಯದು ಅರ್ಧ ಎಂದರೆ ಮೂರೂವರೆ. ಮೂರೂವರೆ ಇಪ್ಪತ್ತುಗಳು ಎಪ್ಪತ್ತು. ಇಪ್ಪತ್ತು ಎಂಬ ಪದ ರೂಢಿಯಲ್ಲಿ ಸವೆದುಹೋಗಿರುವುದರಿಂದ ಕೇಳಿದವರಿಗೆ ಲೆಕ್ಕದ ಸುಳಿವೂ ಸಿಗುವುದಿಲ್ಲ. ಐವತ್ತು ಎರಡೂವರೆ ಇಪ್ಪತ್ತು, ತೊಂಬತ್ತು ನಾಲ್ಕೂವರೆ ಇಪ್ಪತ್ತು. ಡೇನರೂ ಇದನ್ನು ಯಾರೂ ಗುಣಿಸಿ ಹೇಳುವುದಿಲ್ಲ, ಬಾಯಿಪಾಠ ಅಷ್ಟೆ. ನಾರ್ವೆಯವರೂ ಒಂದು ಕಾಲಕ್ಕೆ ಐದು-ಎಪ್ಪತ್ತು ಎಂದೇ ಎಣಿಸುತ್ತಿದ್ದರು. 1951ರಲ್ಲಿ ಹತ್ತರ ಅಂಕಿ ಮೊದಲು ಬರುವ ಎಣಿಕೆ ಅಲ್ಲಿ ಅಧಿಕೃತವಾಗಿ ಜಾರಿಗೆ ಬಂತು. ಅಜ್ಜಂದಿರು ಮಾತ್ರ ಬಹುಕಾಲ ಹಳೆಯ ಲೆಕ್ಕವನ್ನು ಬಿಡಲಿಲ್ಲ.

ನಾರ್ವೆಯವರು ಇಷ್ಟು ಚುರುಕಾದದ್ದು ಹೇಗೆ? ಉತ್ತರದ ಅರ್ಧ ಭಾಗ ಇತಿಹಾಸದಲ್ಲಿದೆ. 1397ರ ಕಲ್ಮಾರ್ ಒಕ್ಕೂಟದಿಂದ ಹಿಡಿದು 1814ರವರೆಗೆ ನಾರ್ವೆ ಡೆನ್ಮಾರ್ಕಿನ ದೊರೆಗಳ ಕೆಳಗಿತ್ತು. ಆಡಳಿತ, ಬೈಬಲ್ಲು, ಶಾಲೆ ಎಲ್ಲ ಡೇನಿಷ್‌ನಲ್ಲಿ. ಹೆಚ್ಚು ಜನ ಇಂದು ಬರೆಯುವ 'ಬೂಕ್‌ಮೋಲ್' ನಾರ್ವೇಜಿಯನ್ ಆ ಡೇನಿಷ್ ಬರಹದಿಂದಲೇ ಬೆಳೆದದ್ದು. ಉಚ್ಚಾರಣೆಯಾದರೋ ಸ್ವೀಡಿಷ್‌ಗೆ ಹತ್ತಿರ. ಒಂದು ಕಣ್ಣಿಗೆ, ಇನ್ನೊಂದು ಕಿವಿಗೆ. ಎರಡೂ ಕಡೆ ನಾರ್ವೆಯವರಿಗೆ ಲಾಭ.

ಇನ್ನರ್ಧ ಹೆಚ್ಚು ಸ್ವಾರಸ್ಯದ್ದು. ಡೇನಿಷ್ ಬರಹಕ್ಕೆ ಎದುರಾಗಿ ಈವಾರ್ ಓಸೆನ್ ಎಂಬ ರೈತನ ಮಗ ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಹಳ್ಳಿಗಳನ್ನು ಸುತ್ತಿ, ಆಡುಮಾತುಗಳನ್ನು ಕಲೆಹಾಕಿ, ಅದರಿಂದ ಇನ್ನೊಂದು ಬರಹದ ಭಾಷೆಯನ್ನು ಕಟ್ಟಿದ. 1885ರಲ್ಲಿ ಸಂಸತ್ತು ಅದಕ್ಕೂ ಸಮಾನ ಸ್ಥಾನ ಕೊಟ್ಟಿತು. ಅದಕ್ಕೂ ಮೊದಲು, 1878ರಲ್ಲೇ, ಶಾಲೆಯ ಮೌಖಿಕ ಪಾಠ ಆದಷ್ಟೂ ಮಕ್ಕಳ ಸ್ವಂತ ಆಡುಮಾತಿನಲ್ಲಿ ನಡೆಯಬೇಕು ಎಂಬ ನಿರ್ಣಯವಾಗಿತ್ತು. ಇದರಿಂದ ನಾರ್ವೆಯಲ್ಲಿ 'ಶುದ್ಧ ಮಾತು' ಎಂಬ ಏಕೈಕ ಮಾದರಿ ಬೇರೂರಲೇ ಇಲ್ಲ. ಮಂತ್ರಿ, ಪ್ರೊಫೆಸರ್, ಮೀನುಗಾರ ಎಲ್ಲರೂ ತಮ್ಮ ಕಣಿವೆಯ ಮಾತಿನಲ್ಲೇ ಟೀವಿಯಲ್ಲಿ ಮಾತಾಡುತ್ತಾರೆ. ಬೇರೆ ಊರಿನ ಮಾತು ಕೇಳಿದ ಕೂಡಲೇ 'ಏನಂದಿರಿ?' ಎಂದು ಕೈಚೆಲ್ಲದೆ, ಎಲ್ಲಿ ಏನು ಬದಲಾಗಿದೆ ಎಂದು ಲೆಕ್ಕ ಹಾಕುತ್ತಲೇ ಕೇಳಿಸಿಕೊಳ್ಳುವುದು ಅವರಿಗೆ ಬಾಲ್ಯದಿಂದಲೇ ರೂಢಿ. ಅಂಥವರಿಗೆ ಸ್ವೀಡಿಷ್ ಎಂದರೆ ಇನ್ನೊಂದು ದೂರದ ಕಣಿವೆಯ ಮಾತು. ಟೀವಿಯೂ ನೆರವಾಯಿತು: ನಾರ್ವೆಗೆ ಬಹುಕಾಲ ಇದ್ದದ್ದು ಒಂದೇ ವಾಹಿನಿ, ಗಡಿ ಬದಿಯ ಮನೆಗಳ ಆಂಟೆನಾ ಸ್ವೀಡನ್ನಿನ ಕಾರ್ಯಕ್ರಮಗಳನ್ನೂ ಹಿಡಿಯುತ್ತಿತ್ತು.

ಈ ನಾರ್ವೆಯವರನ್ನೂ ಮೀರಿಸುವವರಿದ್ದಾರೆ. ಅಟ್ಲಾಂಟಿಕ್ಕಿನ ನಡುವಿನ ಫೆರೋ ದ್ವೀಪಗಳ ಮಕ್ಕಳು ಮನೆಯಲ್ಲಿ ಫೆರೋಯಿಸ್ ಮಾತಾಡಿ ಶಾಲೆಯಲ್ಲಿ ಡೇನಿಷ್ ಕಲಿಯುತ್ತಾರೆ. 2005ರ ಅಧ್ಯಯನದಲ್ಲಿ ಒಟ್ಟಾರೆ ಮೇಲಿನ ಸ್ಥಾನ ಅವರದ್ದೇ, ಪಾಠ ಮಾಡಿಸಿಕೊಳ್ಳದ ನಾರ್ವೇಜಿಯನ್‌ನಲ್ಲೂ. ಅವರ ಫೆರೋಯಿಸ್ ಮಾತ್ರ ಇತ್ತ ಯಾರಿಗೂ ತಿಳಿಯುವುದಿಲ್ಲ. ನಾರ್ವೆಯಿಂದಲೇ ಒಂಬತ್ತನೆಯ ಶತಮಾನದಲ್ಲಿ ಹೊರಟ ಜನ ನೆಲೆಸಿದ ಐಸ್‌ಲೆಂಡಿನ ಕಥೆಯೂ ಹಾಗೇ. ದ್ವೀಪದವರು ಹಳೆಯ ವ್ಯಾಕರಣ ಉಳಿಸಿಕೊಂಡರು. ಮುಖ್ಯಭೂಮಿಯವರು ಹಾನ್ಸಾ ಎಂಬ ಜರ್ಮನ್ ಕೂಟದ ವರ್ತಕರ ಕೆಳ-ಜರ್ಮನ್ ಪದಗಳನ್ನು ರಾಶಿರಾಶಿಯಾಗಿ ಕಡ ತಂದರು, ಮೂವರೂ ಒಂದೇ ಅಂಗಡಿಯಿಂದ. ಇಂದು ಅವರನ್ನು ಬೆಸೆದಿರುವುದು ಒಂದೇ ತಾಯ ಮಕ್ಕಳೆಂಬುದಷ್ಟೇ ಅಲ್ಲ, ಒಟ್ಟಿಗೆ ಮಾಡಿದ ಆ ಸಾಲವೂ ಹೌದು.

ಇಷ್ಟು ಹತ್ತಿರದಲ್ಲಿದ್ದಾಗ ಎಡವುವುದೂ ಹತ್ತಿರದಲ್ಲೇ. 'ರೂಲಿಗ್' ಎಂದರೆ ಸ್ವೀಡನ್ನಿನಲ್ಲಿ ಮಜವಾದದ್ದು, ಡೆನ್ಮಾರ್ಕ್ ನಾರ್ವೆಗಳಲ್ಲಿ ಶಾಂತವಾದದ್ದು. 'ಫ್ರೊಕೊಸ್ಟ್'ಗೆ ಬನ್ನಿ ಎಂದು ಡೇನ್ ಕರೆದರೆ ಮಧ್ಯಾಹ್ನದ ಊಟಕ್ಕೆ ಹೋಗಬೇಕು, ನಾರ್ವೆಯವ ಕರೆದರೆ ಬೆಳಗಿನ ತಿಂಡಿಗೆ. ಪೂರ್ತಿ ಅಪರಿಚಿತ ಪದ ಬಂದರೆ ಕೇಳಿಯಾದರೂ ತಿಳಿದುಕೊಳ್ಳುತ್ತೇವೆ, ಪರಿಚಿತ ಮುಖದ ಪದವನ್ನು ಯಾರು ಕೇಳುತ್ತಾರೆ? ಅನುವಾದಕರು ಹೆದರುವುದು ಇಂಥ ಪದಗಳಿಗೇ.

ಡೇನಿಷ್–ಸ್ವೀಡಿಷ್ ಜೋಡಿಯ ಓರೆ ಇನ್ನೂ ಎಷ್ಟೋ ಕಡೆ ಇದೆ. ಪೋರ್ಚುಗೀಸರಿಗೆ ಸ್ಪ್ಯಾನಿಷ್ ತಿಳಿಯುವಷ್ಟು ಸ್ಪೇನಿನವರಿಗೆ ಪೋರ್ಚುಗೀಸ್ ತಿಳಿಯುವುದಿಲ್ಲ. ಸ್ಪ್ಯಾನಿಷ್‌ನಲ್ಲಿ ಐದೇ ಸ್ವರ, ಒಂದೊಂದೂ ಸ್ಪಷ್ಟ. ಲಿಸ್ಬನ್ನಿನವರು ಒತ್ತಿಲ್ಲದ ಸ್ವರಗಳನ್ನು ನುಂಗಿಬಿಡುತ್ತಾರೆ, ಅವರ ಬಾಯಲ್ಲಿ 'ಟೆಲಿಫೋನ್' ಹೆಚ್ಚುಕಮ್ಮಿ 'ಟ್ಲ್‌ಫೋನ್'. ನುಂಗುವವನಿಗೆ ನುಂಗದವನ ಮಾತು ಸುಲಭ. 'ಹೋಗುತ್ತೇನೆ' ಎಂದು ಪುಸ್ತಕದಿಂದ ಕನ್ನಡ ಕಲಿತು ಬಂದವರು ಬೆಂಗಳೂರಿನ 'ಹೋಗ್ತೀನ್' ಕೇಳಿ ಕಕ್ಕಾಬಿಕ್ಕಿಯಾಗುವುದೂ ಇದೇ ಕಾರಣಕ್ಕೆ.

ಆದರೆ ಸದ್ದಿನಿಂದ ಎಲ್ಲವನ್ನೂ ವಿವರಿಸಲಾಗುವುದಿಲ್ಲ. 1951ರಲ್ಲಿ ಅಮೆರಿಕದ ಭಾಷಾವಿಜ್ಞಾನಿಗಳಾದ ವೋಗೆಲಿನ್ ಮತ್ತು ಜೆಲಿಗ್ ಹ್ಯಾರಿಸ್ ಅಲ್ಲಿನ ಮೂಲನಿವಾಸಿ ನುಡಿಗಳಿಗಾಗಿ ಒಂದು ವಿಧಾನ ಸೂಚಿಸಿದರು: ಒಂದು ಊರಿನವರ ಕಥೆಯನ್ನು ಧ್ವನಿಮುದ್ರಿಸಿ, ಪಕ್ಕದ ಊರಿನವರಿಗೆ ಕೇಳಿಸಿ, ಎಷ್ಟು ತಿಳಿಯಿತೆಂದು ಅಳೆಯುವುದು. ಇದರ ಮಿತಿಯನ್ನು ಹಾನ್ಸ್ ವೋಲ್ಫ್ 1959ರಲ್ಲಿ ನೈಜೀರಿಯಾದ ಅನುಭವದಿಂದ ತೋರಿಸಿಕೊಟ್ಟರು. ನೈಜರ್ ನದಿಯ ಮುಖಜ ಭೂಮಿಯಲ್ಲಿ ಕಲಬರಿ ಮತ್ತು ನೆಂಬೆ ಎಂಬ ಎರಡು ನುಡಿಗಳಿವೆ, ಬಹಳ ಹತ್ತಿರದವು. ಕಲಬರಿಗಳ ಮಾತು ನಮಗೆ ತಿಳಿಯುತ್ತದೆ ಎಂದರು ನೆಂಬೆಯವರು. ನೆಂಬೆಯವರದ್ದು ನಮಗೆ ಒಂದಿಷ್ಟೂ ತಿಳಿಯುವುದಿಲ್ಲ ಎಂದರು ಕಲಬರಿಗಳು. ಆ ಸೀಮೆಯಲ್ಲಿ ಆಗ ವ್ಯಾಪಾರವೂ ದುಡ್ಡೂ ದರ್ಪವೂ ಕಲಬರಿಗಳ ಕೈಯಲ್ಲಿತ್ತು. ಬಡವನ ಮಾತು ತಿಳಿಯುತ್ತದೆ ಎಂದು ಒಪ್ಪಿಕೊಳ್ಳಲು ಸಿರಿವಂತನಿಗೆ ಯಾವ ಗರಜು?

ಇದರ ರಾಜಕೀಯ ರೂಪ ನೋಡಬೇಕಾದರೆ ಬೋಸ್ನಿಯಾದಲ್ಲಿ ಒಂದು ಸಿಗರೇಟು ಪ್ಯಾಕು ಕೊಳ್ಳಬೇಕು. 'ಧೂಮಪಾನ ಕೊಲ್ಲುತ್ತದೆ' ಎಂಬ ಎಚ್ಚರಿಕೆ ಅದರ ಮೇಲೆ ಬೋಸ್ನಿಯನ್, ಕ್ರೊಯೇಷಿಯನ್, ಸರ್ಬಿಯನ್ ಎಂದು ಮೂರು ಸಲ ಅಚ್ಚಾಗಿರುತ್ತದೆ. ಮೊದಲೆರಡು ಸಾಲು ಅಕ್ಷರಶಃ ಒಂದೇ. ಮೂರನೆಯದೂ ಅದೇ ವಾಕ್ಯ, ಸಿರಿಲಿಕ್ ಲಿಪಿಯಲ್ಲಿ. ಯುಗೋಸ್ಲಾವಿಯಾ ಒಡೆದ ಮೇಲೆ ಸರ್ಬಿಯಾದ 'ರಾನೆ' ಎಂಬ ಚಿತ್ರವನ್ನು ಕ್ರೊಯೇಷಿಯಾದಲ್ಲಿ ಕ್ರೊಯೇಷಿಯನ್ ಸಬ್‌ಟೈಟಲ್ ಹಾಕಿ ತೋರಿಸಿದರು. ಜನ ಸಂಭಾಷಣೆ ಕೇಳಿ ಸುಮ್ಮನಿದ್ದು ಸಬ್‌ಟೈಟಲ್ ಓದಿ ನಕ್ಕರು.

ಚೆಕೊಸ್ಲೊವಾಕಿಯಾ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಒಡಕು ರಕ್ತವಿಲ್ಲದೆ, 1993ರ ಜನವರಿ 1ರಂದು ಕಡತಗಳ ಮೇಲೆ ನಡೆಯಿತು. ಒಟ್ಟಿಗಿದ್ದಾಗ ಟೀವಿಯಲ್ಲಿ ಎರಡೂ ಭಾಷೆ ಬೆರೆತು ಬರುತ್ತಿದ್ದವು. ಫುಟ್‌ಬಾಲ್ ಪಂದ್ಯದ ಮೊದಲರ್ಧ ಒಂದು ಭಾಷೆಯಲ್ಲಿ, ಎರಡನೆಯರ್ಧ ಇನ್ನೊಂದರಲ್ಲಿ ವೀಕ್ಷಕ ವಿವರಣೆ ಕೊಡುತ್ತಿದ್ದ ಕಾಲವನ್ನು ಆ ತಲೆಮಾರಿನವರು ಇಂದಿಗೂ ನೆನೆಯುತ್ತಾರೆ. ಬೇರೆಯಾದ ಮೇಲೆ ಸ್ಲೊವಾಕರು ಚೆಕ್ ಪುಸ್ತಕ ಓದುವುದನ್ನೂ ಚೆಕ್ ಡಬ್ಬಿಂಗಿನ ಸಿನಿಮಾ ನೋಡುವುದನ್ನೂ ಬಿಡಲಿಲ್ಲ, ಮಾರುಕಟ್ಟೆ ದೊಡ್ಡದು ಅಲ್ಲಿನದೇ. ಚೆಕ್ ಮಕ್ಕಳಿಗೆ ಸ್ಲೊವಾಕ್ ಕಿವಿಗೆ ಬೀಳುವುದೇ ಅಪರೂಪವಾಯಿತು. ಭಾಷೆಗಳು ಇದ್ದ ಹಾಗೇ ಇದ್ದರೂ ಒಂದು ಕಡೆಯ ಮಕ್ಕಳಿಗೆ ಪಕ್ಕದ ಮಾತು ಈಗ ಅಪರಿಚಿತ ಅನಿಸತೊಡಗಿದೆ.

ಕನ್ನಡದ ನೆರೆಹೊರೆಗೆ ಬಂದರೆ ಮೊದಲು ಕಳಚಬೇಕಾದ ನಂಬಿಕೆ ಒಂದಿದೆ. ಕನ್ನಡಕ್ಕೆ ತೆಲುಗು ತೀರ ಹತ್ತಿರ, ತಮಿಳು ದೂರ ಎಂದು ಬಹಳ ಜನ ನಂಬಿದ್ದಾರೆ. ಲಿಪಿ ನೋಡಿದರೆ ಹೌದೆನಿಸುತ್ತದೆ. ಎರಡೂ ಒಂದೇ ಲಿಪಿಯಿಂದ ಕವಲೊಡೆದವು, ಒಂದು ವಾರ ಕೂತರೆ ಕನ್ನಡಿಗ ತೆಲುಗು ಬೋರ್ಡು ಓದಿಯಾನು. ಆದರೆ ಭದ್ರಿರಾಜು ಕೃಷ್ಣಮೂರ್ತಿಯವರು ಬರೆದ ದ್ರಾವಿಡ ವಂಶವೃಕ್ಷದಲ್ಲಿ ಕನ್ನಡ ಕೂತಿರುವುದು ತಮಿಳು, ಮಲಯಾಳ, ತುಳು, ಕೊಡವಗಳ ಕೊಂಬೆಯಲ್ಲಿ. ತೆಲುಗಿನ ಒಡಹುಟ್ಟುಗಳು ಗೋಂಡಿ, ಕುಯಿ, ಕೊಂಡ.

ದಿನಬಳಕೆಯ ಮಾತುಗಳನ್ನು ಹಿಡಿದು ನೋಡಿದರೆ ಇದು ಕೈಗೇ ಸಿಗುತ್ತದೆ. ಬಾ, ಇರು, ಕೇಳು, ಬೇಡ, ಇಲ್ಲ. ತಮಿಳಿನಲ್ಲಿ ವಾ, ಇರು, ಕೇಳ್, ವೇಂಡಾಂ, ಇಲ್ಲೈ. ತೆಲುಗಿನಲ್ಲಿ ರಾ, ಉಂಡು, ವಿನು, ವದ್ದು, ಲೇದು. ಕನ್ನಡದ 'ಕೇಳು' ಕಿವಿಗೊಡುವುದಕ್ಕೂ ಪ್ರಶ್ನಿಸುವುದಕ್ಕೂ ಒಂದೇ ಪದ, ತಮಿಳಿನಲ್ಲೂ ಹಾಗೇ. ತೆಲುಗಿನಲ್ಲಿ 'ವಿನು' ಬೇರೆ, 'ಅಡುಗು' ಬೇರೆ. ಆದರೂ ಟೀವಿ ಸುದ್ದಿ ಹಾಕಿದ ಕೂಡಲೇ ಆಟ ತಿರುಗುಮುರುಗಾಗುತ್ತದೆ. ಸಂಸ್ಕೃತದ ಪದಗಳು ತುಂಬಿದ ತೆಲುಗು ಸುದ್ದಿಯ ಎಳೆ ಕನ್ನಡಿಗನಿಗೆ ಹೇಗೋ ಸಿಗುತ್ತದೆ. ತಮಿಳು ಸುದ್ದಿ ಕೈಕೊಡುತ್ತದೆ. 1916ರ ಸುಮಾರಿಗೆ ಮರೈಮಲೈ ಅಡಿಗಳ್ ಶುರುಮಾಡಿದ 'ತನಿತ್ತಮಿಳ್' ಚಳವಳಿಯ ನಂತರ ಸಂಸ್ಕೃತದ ಪದಗಳನ್ನು ಹೆಕ್ಕಿ ಹೊರಗೆ ಹಾಕಿದ ಭಾಷೆ ಅದು. ತೆಲುಗಿನ 'ಆಸುಪತ್ರಿ' ಓದುತ್ತಲೇ ತಿಳಿಯುತ್ತದೆ. ಚೆನ್ನೈನ ಫಲಕದ ಮೇಲಿನ 'ಮರುತ್ತುವಮನೈ' ಎದುರು ಕನ್ನಡಿಗ ನಿಂತುಬಿಡುತ್ತಾನೆ. ಮರುಂದು ನಮ್ಮ ಮದ್ದು, ಮನೈ ನಮ್ಮ ಮನೆ ಎಂದು ಯಾರಾದರೂ ಬಿಡಿಸಿದರೆ, ಕಡ ತಂದ ಆಸ್ಪತ್ರೆಗಿಂತ ಇದೇ ಹೆಚ್ಚು ನಮ್ಮದು.

ಬಿಡಿಸುವ ಕೀಲಿಗಳು ಕೆಲವೇ. ಕನ್ನಡದ ಹಕಾರದ ಜಾಗದಲ್ಲಿ ಪಕಾರ ಇಟ್ಟುಕೊಳ್ಳಿ: ಹಾಲು ಪಾಲ್, ಹುಲಿ ಪುಲಿ, ಹತ್ತು ಪತ್ತು, ಹಲ್ಲು ಪಲ್. ಬಕಾರಕ್ಕೆ ವಕಾರ: ಬಾಯಿ ವಾಯ್, ಬೇರು ವೇರ್, ಬಾಳೆ ವಾಳೈ, ಬಿಲ್ಲು ವಿಲ್. ಕಿ, ಕೇ ಇದ್ದಲ್ಲಿ ಹಲವು ಸಲ ಚಕಾರ: ಕಿವಿ ಸೆವಿ, ಕೇರಿ ಸೇರಿ. ತಮಿಳಿನ ಚಕಾರ ಮಾತಿನಲ್ಲಿ ಸಕಾರವಾಗಿ ಕೇಳಿಸುತ್ತದೆ ಎನ್ನುವುದಷ್ಟೇ ನೆನಪಿರಲಿ. ಮೊದಲನೆಯ ಕೀಲಿ ಹಳಗನ್ನಡದವರಿಗೆ ಬೇಕಾಗಿರಲಿಲ್ಲ. ಹತ್ತನೆಯ ಶತಮಾನದ ಪಂಪನ ಕನ್ನಡದಲ್ಲಿ ಹಾಲು ಪಾಲೇ, ಹುಲಿ ಪುಲಿಯೇ. ಹಕಾರ ಬಂದದ್ದು ಆಮೇಲೆ, ಅದರ ಜತೆಗೆ ನೆರೆಯವರ ಮಾತು ಒಂದು ಹೆಜ್ಜೆ ದೂರ ಸರಿಯಿತು. ಯುರೋಪಿನಲ್ಲಿ ಇಂಥ ಕೀಲಿಗಳನ್ನೇ ಪಾಠವಾಗಿಸಿದ್ದಾರೆ. ಫ್ರಾಂಕ್‌ಫರ್ಟಿನ ಹೋರ್ಸ್ಟ್ ಕ್ಲೈನ್ ಮತ್ತು ಟಿಲ್ಬರ್ಟ್ ಸ್ಟೆಗ್ಮನ್ ಅವರ 'ಏಳು ಜರಡಿ' ವಿಧಾನ ಫ್ರೆಂಚ್ ಒಂದನ್ನು ಬಲ್ಲವರಿಗೆ ಇಟಾಲಿಯನ್, ಸ್ಪ್ಯಾನಿಷ್, ರುಮೇನಿಯನ್ ಓದಿ ತಿಳಿಯುವುದನ್ನು ಕಲಿಸುತ್ತದೆ, ಮಾತಾಡಲು ಬರಲೇಬೇಕು ಎಂಬ ಹಟವಿಲ್ಲದೆ. ಕನ್ನಡ–ತಮಿಳಿಗೆ ಅಂಥ ಪಾಠವನ್ನು ಶಾಲೆಯಲ್ಲಿ ನಾಲ್ಕು ಪೀರಿಯಡ್‌ನಲ್ಲಿ ಮುಗಿಸಬಹುದು.

ಕನ್ನಡಿಗರಿಗೆ ತಮಿಳು ತೆಲುಗು ತಿಳಿಯುತ್ತದೆ, ಅವರಿಗೆ ಕನ್ನಡ ತಿಳಿಯುವುದಿಲ್ಲ ಎಂಬ ಗೊಣಗಾಟ ಬೆಂಗಳೂರಿನಲ್ಲಿ ಹಳೆಯದು. ಅದನ್ನು ಕನ್ನಡಿಗರ ಔದಾರ್ಯ ಎನ್ನುವವರಿದ್ದಾರೆ, ನಿರಭಿಮಾನ ಎನ್ನುವವರೂ ಇದ್ದಾರೆ. ಸ್ಕ್ಯಾಂಡಿನೇವಿಯಾದ ಪಾಠ ಓದಿದ ಮೇಲೆ ಎರಡೂ ಮಾತು ಉತ್ಪ್ರೇಕ್ಷೆ ಎನಿಸುತ್ತದೆ. 1960ರ ದಶಕದ ಚಳವಳಿಯ ನಂತರ ಕರ್ನಾಟಕದಲ್ಲಿ ದಶಕಗಳ ಕಾಲ ಡಬ್ಬಿಂಗ್ ಚಿತ್ರಗಳು ಬರಲಿಲ್ಲ. ಕನ್ನಡವನ್ನು ಕಾಯಲು ಹಾಕಿದ ಬೇಲಿ ಅದು. ಆದರೆ ಡಬ್ ಆಗದ ತೆಲುಗು, ತಮಿಳು ಚಿತ್ರಗಳು ಮೂಲದ ದನಿಯಲ್ಲೇ ಬೆಂಗಳೂರು, ಬಳ್ಳಾರಿ, ಕೋಲಾರದ ಟಾಕೀಸುಗಳಿಗೆ ಬಂದವು, ಜನ ಮೂಲದ ದನಿಯಲ್ಲೇ ನೋಡಿದರು. ಕಿವಿ ಪಳಗಿದ್ದು ಹಾಗೆ. ಅದೇ ಹೊತ್ತಿಗೆ ಚೆನ್ನೈ, ಹೈದರಾಬಾದುಗಳ ಟಾಕೀಸಿನಲ್ಲಿ ಕನ್ನಡ ಕೇಳಿಸಿದ್ದೆಷ್ಟು?

ಕನ್ನಡದ ಒಳಗೂ ಇದೇ ಓರೆ ಇದೆ. ಕುಂದಾಪುರದವರು ಮೈಸೂರಿನವರ ಮಾತು ಕೇಳಿ ಎಂದೂ ತಡವರಿಸುವುದಿಲ್ಲ, ಪಠ್ಯಪುಸ್ತಕ ಆ ಕನ್ನಡದ ಹತ್ತಿರದಲ್ಲಿದೆ. 'ಮನಿಗ್ ಹೋಯ್ಕ್' ಎಂದು ಕುಂದಾಪುರದವರು ಹೊರಟು ನಿಂತರೆ ಮೈಸೂರಿನವರು ಒಂದು ಕ್ಷಣ ಮುಖ ನೋಡುತ್ತಾರೆ. 'ಕಾಣಿ' ಎಂದರೆ 'ನೋಡಿ' ಎಂದು ಗೊತ್ತಾಗಲು ಅವರು ಯಾವ ಶಾಲೆಗೂ ಹೋಗಿಲ್ಲವಲ್ಲ. ಇನ್ನೂ ಆಚೆ, ನೀಲಗಿರಿಯ ಬಡಗರ ನುಡಿಯನ್ನು 2011ರ ಜನಗಣತಿ ಕನ್ನಡದ ಕೆಳಗೇ ಎಣಿಸಿದೆ, ಭಾಷಾವಿಜ್ಞಾನಿಗಳಲ್ಲಿ ಹಲವರು ಅದು ಬೇರೆ ಭಾಷೆ ಎನ್ನುತ್ತಾರೆ. ತಿಳಿಯುತ್ತದೆಯೇ ಇಲ್ಲವೇ ಎಂಬ ಅಳತೆಗೋಲಿನಿಂದ ಇಂಥ ಜಗಳ ತೀರುವುದಿಲ್ಲ. ಯಾರಿಗೆ, ಎಷ್ಟು ದಿನದ ಒಡನಾಟದ ಮೇಲೆ ಎಂದು ಕೇಳಿದ ಕೂಡಲೇ ಅಳತೆ ಬದಲಾಗುತ್ತದೆ.

ಉತ್ತರ ಯುರೋಪಿನವರು ಈ ಒಡನಾಟವನ್ನು ಕಾನೂನಿನಿಂದಲೂ ಕಾಪಾಡಲು ನೋಡಿದರು. 1987ರಲ್ಲಿ ಜಾರಿಗೆ ಬಂದ ಭಾಷಾ ಒಪ್ಪಂದದ ಪ್ರಕಾರ ಆ ದೇಶಗಳ ಪ್ರಜೆಗಳು ನೆರೆದೇಶದ ಕಚೇರಿಗಳಲ್ಲಿ ತಮ್ಮ ಭಾಷೆಯಲ್ಲೇ ವ್ಯವಹರಿಸಬಹುದು. ಹೊಸ ತಲೆಮಾರು ಬೇರೆ ದಾರಿ ಹಿಡಿದಿದೆ. ಡೇನ್ ಹುಡುಗ, ಸ್ವೀಡ್ ಹುಡುಗಿ ಭೇಟಿಯಾದರೆ ನಾಲ್ಕು ಮಾತು ತಂತಮ್ಮ ಭಾಷೆಯಲ್ಲಿ ಪ್ರಯತ್ನಿಸಿ ಇಂಗ್ಲಿಷಿಗೆ ಹೊರಳುವುದು ಈಗ ಸಾಮಾನ್ಯ. ಇಬ್ಬರಿಗೂ ಇಂಗ್ಲಿಷ್ ಚೆನ್ನಾಗಿ ಬರುತ್ತದೆ, ಅರೆ-ಸಂವಹನದ ತಿಣುಕಾಟ ಯಾರಿಗೆ ಬೇಕು? ಹಿರಿಯರು ಇದನ್ನು ನಷ್ಟವೆಂದು ಹಲುಬುತ್ತಾರೆ. ಅವರ ಕಾಲದಲ್ಲಿ ಇಂಗ್ಲಿಷ್ ಇಷ್ಟು ಸಲೀಸಾಗಿದ್ದಿದ್ದರೆ ಅವರೂ ಇದನ್ನೇ ಮಾಡುತ್ತಿದ್ದರೇನೋ.

ಕರ್ನಾಟಕದಲ್ಲಿ ಸಿನಿಮಾ ಒಂದು ಸಣ್ಣ ತಿರುವು ಕೊಟ್ಟಿದೆ. 2022ರ ಸೆಪ್ಟೆಂಬರ್ ಕೊನೆಯಲ್ಲಿ ಬಿಡುಗಡೆಯಾದ 'ಕಾಂತಾರ' ಕರಾವಳಿಯ ಕನ್ನಡವನ್ನು ಬೀದರಿನಿಂದ ಚಾಮರಾಜನಗರದವರೆಗೆ ಕೇಳಿಸಿತು. ಯಾರೂ ಅದನ್ನು ಮೈಸೂರು ಕನ್ನಡಕ್ಕೆ ತಿದ್ದಿ ಕೊಡಿ ಎಂದು ಕೇಳಲಿಲ್ಲ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಕಿವಿ ಹೊಂದಿಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಚಿತ್ರ ತುಳುವಿಗೂ ಡಬ್ ಆಗಿ ಬಂತು. ಕನ್ನಡ ಚಿತ್ರ ಪೂರ್ತಿ ತಿಳಿಯುವ, ಸಬ್‌ಟೈಟಲ್ಲಿನ ಹಂಗೇ ಇಲ್ಲದ ಜನಕ್ಕೆ.